ಆಸನದ ಹೊಲಿಗೆ

ರೂವಿಯ ಹೋಂಡಾ ರೋಡಿನಲ್ಲೊಂದು ಟೈರಂಗಡಿ,
ಅದರ ಮಾಳಿಗೆಯಲ್ಲಿ ಕೊರಿಯಾದ ಒದೆತ ಕಲಿಸುವ ಶಾಲೆ,
ಎದುರಿಗೆ ನನ್ನ ಹೊಲಿಗೆ ಮಷೀನು.
ಅವನೂ ಮಾಸ್ಟರ್, ನಾನೂ ಮಾಸ್ಟರ್.
ಅವನು ಡಂಬರ್ ಲಿಂಬು, ನೇಪಾಳದ ಧರಾನಿನವ,
ನಾನು ಹಳಿಯಾಳದ ರಖಮಾಜಿ ಶಿಂಪಿ.

ಒದೆತದ ಉಪಯೋಗ ಏನು ಅಂತ ನನ್ನನ್ನು ಕೇಳ್ರಿ.
ಹರಿದ ಪ್ಯಾಂಟು ಒಂದಕ್ಕೆ ಮುನ್ನೂರು ಬೈಸ.
ನೇರ ಒದ್ದರೆ ಹರಿಯುವುದಿಲ್ಲ,
ಪಕ್ಕಕ್ಕೆ ಒದ್ದರೆ ದಾರ ತುಸು ಸಡಿಲ, ಅಷ್ಟೇ.
ಆದರೆ ನೆಲ ಬಿಟ್ಟು ಹಾರಿ
ಬುಗುರಿ ಹಾಗೆ ಒಂದೂವರೆ ಸುತ್ತು ತಿರುಗಿ
ಹಿಮ್ಮಡದಲ್ಲಿ ಹಲಗೆ ಮುರಿಯುವ ಶೋಕಿ ಒದೆತ ಇದೆಯಲ್ಲ,
ಅದು ನನ್ನ ಅನ್ನದಾತ.
ತಿಂಗಳಿಗೆ ಹತ್ತು ಹನ್ನೆರಡು ಬಿಳಿ ಪ್ಯಾಂಟು
ಆಸನದಲ್ಲಿ ಬಾಯಿ ಬಿಟ್ಟುಕೊಂಡು ಬರುತ್ತವೆ.

ಟೈರಂಗಡಿಯ ಷಂಬೆ, ಬಲೂಚಿ ಮುದುಕ,
ದಿನಾ ಅದೇ ರಗಳೆ:
'ನೀನು ಸುತ್ತಿ ಬರೋ ತನಕ ಕಳ್ಳ ನಿಂತಿರ್ತಾನಾ?
ನನ್ನ ಕೈಲಿ ಜ್ಯಾಕಿನ ರಾಡು ಕೊಡು, ಸಾಕು.'
ಡಂಬರ್ ಕಡಕ್ ಚಹಾದ ಕೆನೆ ಊದುತ್ತಾನೆ,
ವಾದಕ್ಕೆ ಇಳಿಯುವುದಿಲ್ಲ.

ಒಂದು ಸಂಜೆ ಅವನ ಪ್ಯಾಂಟು ನನ್ನ ಸೂಜಿಯಡಿ.
ನನ್ನ ಚೌಕಳಿ ಲುಂಗಿ ಸುತ್ತಿ ಮೂಲೆಯಲ್ಲಿ ಕೂತಿದ್ದ.
ಮದುವೆ ಕೋಟಿನ ಗಿರಾಕಿ ನುಗ್ಗಿದ,
ಎಮ್ಮೆಯಂಥ ಆಳು,
ತೋಳು ಒಂದಿಂಚು ಗಿಡ್ಡವಾಗಿದೆಯಂತೆ.
ಮಾತಿಗೆ ಮೊದಲೇ ನನ್ನ ಕಾಲರು ಅವನ ಮುಷ್ಟಿಯಲ್ಲಿ.
ಕಣ್ಣಲ್ಲೇ ಕೂಗಿದೆ ಡಂಬರನಿಗೆ:
ಹಾರೋ ಮಾರಾಯ, ಸುತ್ತು!

ಎಂಟಡಿ ಉದ್ದ, ಆರಡಿ ಅಗಲದ ಅಂಗಡಿ.
ಮೇಲೆ ಫ್ಯಾನು, ಕೆಳಗೆ ಉರಿಯುವ ಇಸ್ತ್ರಿಪೆಟ್ಟಿಗೆ,
ನಡುವೆ ನೇತಾಡುವ ಮೂವತ್ತು ಅಂಗಿ.
ಡಂಬರ್ ಎದ್ದ. ಒಂದು ಕೈಲಿ ಲುಂಗಿ ಹಿಡಿದು
ಇನ್ನೊಂದರಲ್ಲಿ ಸ್ಟೂಲು ಎಳೆದು
ಆ ಮನುಷ್ಯನ ಮೊಣಕಾಲ ಹಿಂದೆ ಇಟ್ಟ.
'ಕೂತ್ಕೊಳ್ಳಿ ಅಣ್ಣ.
ಒಳಗೆ ಒಂದಿಂಚು ಮಡಿಚಿಟ್ಟಿರ್ತಾನೆ ಇವನು,
ಬಿಚ್ಚಿದರೆ ಸಿಗುತ್ತೆ.'
ಕೂತ. ಬಿಚ್ಚಿದೆ. ಸಿಕ್ಕಿತು.

ಆಮೇಲೆ ಕೇಳಿದೆ: ಯಾಕೆ ಒದೀಲಿಲ್ಲ?
'ಪ್ಯಾಂಟು ನಿನ್ನ ಹತ್ರ ಇತ್ತಲ್ಲ.'
ಇಬ್ಬರೂ ನಕ್ಕು ಕಣ್ಣೀರು ಒರೆಸಿಕೊಂಡೆವು.
ಬಾಗಿಲ ತನಕ ಹೋದವನು ತಿರುಗಿ ಅಂದ:
'ಇದ್ದಿದ್ರೂ ಒದೀತಿರಲಿಲ್ಲ.'
ಮತ್ತೆ ಇಷ್ಟು ವರ್ಷ ಯಾತಕ್ಕೆ ಕಲಿಸ್ತೀ?
ಚಪ್ಪಲಿ ಹುಡುಕುವ ನೆಪದಲ್ಲಿ ಉತ್ತರ ನುಂಗಿದ.

ಆ ರಾತ್ರಿ ಷಟರು ಅರ್ಧ ಇಳಿಸಿ
ನನ್ನ ಬಲಗಾಲನ್ನು ನೋಡಿದೆ.
ಇಪ್ಪತ್ತೆರಡು ವರ್ಷ ಪೆಡಲು ಒದ್ದ ಕಾಲು,
ಹಳಿಯಾಳದ ಮನೆಗೆ ಸ್ಲ್ಯಾಬು ಹಾಕಿಸಿದ ಕಾಲು,
ಒಂದು ಗೇಣಿಗಿಂತ ಮೇಲೆ ಎಂದೂ ಎದ್ದಿದ್ದಿಲ್ಲ.
ಬಟ್ಟೆ ತೊಡಿಸುವ ಗೊಂಬೆಯ ಸೊಂಟಕ್ಕೆ ಗುರಿ ಇಟ್ಟೆ.
ತೊಡೆಯಲ್ಲಿ ಏನೋ ಹಿಡಿದುಕೊಂಡಿತು.
ನಾಲ್ಕು ದಿನ ಕುಂಟಿದೆ.
ಬಚ್ಚಲಲ್ಲಿ ಜಾರಿದೆ ಅಂತ ಷಂಬೆಗೆ ಸುಳ್ಳು.

ಚಳಿಗಾಲದಲ್ಲಿ ವಾದಿ ಕಬೀರಿನ ಶಾಲೆಯೊಂದರ ಅಂಗಳ.
ಷಂಬೆಯ ಮೊಮ್ಮಗಳು ಮಾಹಿಕಾನ್, ಹದಿಮೂರು ವರ್ಷ,
ಹಲ್ಲಿಗೆ ತಂತಿ ಬಿಗಿದ ಹುಡುಗಿ,
ಸಾಲಿನಿಂದ ಈಚೆ ಬಂದಳು.
ಹಿಂದಿನ ಬೋಳುಗುಡ್ಡದ ಮೇಲೆ ಒಂದು ಆಡು
ಮೇಯೋದು ಬಿಟ್ಟು ನಿಂತಿತ್ತು.
ಓಡಿದಳು, ಹಾರಿದಳು, ಸುತ್ತಿದಳು.

ಎಲ್ಲರ ಕಣ್ಣು ಪಾದದ ಮೇಲೆ,
ನನ್ನದು ಆಸನದ ಮೇಲೆ.
ಹಲಗೆ ಫಟ್ ಅಂದಿತು. ಕಿವಿಗೊಟ್ಟೆ,
ಪರ್ ಅನ್ನುವ ಇನ್ನೊಂದು ಸದ್ದಿಗೆ.
ಬರಲಿಲ್ಲ.
ಯಾರೂ ಹೇಳದೆ, ಯಾರಿಗೂ ಹೇಳದೆ
ಒಳಗೊಂದು ಸಂಕರಪಾಳಿ ಆಕಾರದ ತುಂಡು ಕೊಟ್ಟು
ಎರಡೆರಡು ಹೊಲಿಗೆ ಹಾಕಿದ್ದೆ.
ಮುನ್ನೂರು ಬೈಸ ಲುಕ್ಸಾನು.

ಷಂಬೆ ಚಪ್ಪಾಳೆ ಹೊಡೆಯಲಿಲ್ಲ.
ಬಗ್ಗಿ, ಮುರಿದ ಹಲಗೆಯ ಅರ್ಧ ತುಂಡು ಎತ್ತಿ
ಬಿಳಿ ದಿಶ್‌ದಾಶಾದ ಜೇಬಿಗೆ ತುರುಕಿಕೊಂಡ.
ಹಿಡಿಸಲಿಲ್ಲ, ಅರ್ಧ ಹೊರಗೇ ಇತ್ತು.

ಮರುದಿನ ನೋಡ್ತೀನಿ,
ಇಳಿಜಾರಿನಲ್ಲಿ ನಿಂತ ಅವನ ಪಿಕಪ್ಪಿನ ಹಿಂದಿನ ಚಕ್ರಕ್ಕೆ
ಅದೇ ತುಂಡು ಅಡ್ಡ ಕೊಟ್ಟಿದ್ದಾನೆ.
ಗಾಡಿ ಜಾರಿಲ್ಲ.